ಹುಬ್ಬಳ್ಳಿಯ ವಿಮೆ ಏಜೆಂಟ್ ಒಂಟಾರಿಯೊಗೆ ಬಂದರೆ

ಹುಬ್ಬಳ್ಳಿಯಲ್ಲಿ ಹನ್ನೊಂದು ವರ್ಷ ಪಾಲಿಸಿ ಮಾಡಿಸಿ, ಆಮೇಲೆ ಕೆನಡಾದ ಒಂಟಾರಿಯೊಗೆ ಬಂದವನು ನಾನು. ಗದಗ, ಹಾವೇರಿ ಕಡೆಯ ಏಜೆಂಟರು ಫೋನ್ ಮಾಡಿದರೆ ಮೊದಲು ಕೇಳುವುದು ಇದನ್ನೇ: "ನಮ್ಮ ಐಸಿ-38 ಅಲ್ಲಿ ನಡೀತದೇನ್ರೀ?" ಐಸಿ-38 ಅಂದರೆ ಭಾರತದಲ್ಲಿ ವಿಮೆ ಏಜೆಂಟ್ ಆಗಲು ಬರೆಯುವ ಪರೀಕ್ಷೆ. ಅದು ಇಲ್ಲಿ ನಡೆಯುವುದಿಲ್ಲ. ಎಷ್ಟೇ ಅನುಭವ ಇದ್ದರೂ ಲೈಸೆನ್ಸ್ ಹೊಸದಾಗಿಯೇ ತೆಗೆದುಕೊಳ್ಳಬೇಕು.

ಇಲ್ಲಿ ಏಜೆಂಟರ ಲೈಸೆನ್ಸ್ ಪ್ರಾಂತ್ಯಕ್ಕೊಂದು. ಒಂಟಾರಿಯೊದಲ್ಲಿ ಅದನ್ನು ಕೊಡುವುದು ಪ್ರಾಂತ್ಯದ ಹಣಕಾಸು ಸೇವೆಗಳ ನಿಯಂತ್ರಣ ಸಂಸ್ಥೆ ಎಫ್‌ಎಸ್‌ಆರ್‌ಎ. ಜೀವ ವಿಮೆ ಮಾರಲು ಎಲ್‌ಎಲ್‌ಕ್ಯೂಪಿ ಕೋರ್ಸ್ ಮುಗಿಸಿ ಪರೀಕ್ಷೆ ಬರೆಯಬೇಕು. ಜೀವ ವಿಮೆ, ಅಪಘಾತ ಮತ್ತು ಕಾಯಿಲೆ ವಿಮೆ, ಸೆಗ್ರಿಗೇಟೆಡ್ ಫಂಡ್ ಮತ್ತು ಆನ್ಯುಟಿ (ಪಿಂಚಣಿಯ ಹಾಗೆ ನಿಯಮಿತವಾಗಿ ಹಣ ಕೊಡುವ ಯೋಜನೆ), ವೃತ್ತಿಯ ನೀತಿ ನಿಯಮ ಅಂತ ನಾಲ್ಕು ಭಾಗ. ಒಂದೊಂದರಲ್ಲೂ ಶೇ. 60 ಅಂಕ ಬರಬೇಕು. ಸೆಗ್ರಿಗೇಟೆಡ್ ಫಂಡ್ ಅಂದ ಕೂಡಲೇ ಹೆದರಬೇಡಿ. ಹಣವನ್ನು ಮಾರುಕಟ್ಟೆಯಲ್ಲಿ ಹೂಡುವ ವಿಮೆಯೇ ಅದು, ನಮ್ಮ ಯುಲಿಪ್ ಗೊತ್ತಿದ್ದವರಿಗೆ ಅರ್ಧ ಗೊತ್ತಿದ್ದ ಹಾಗೆ. ಅವಧಿ ಮುಗಿದಾಗ ಅಥವಾ ಸಾವು ಆದಾಗ, ಹಾಕಿದ ಹಣದಲ್ಲಿ ಕನಿಷ್ಠ ಶೇ. 75ಕ್ಕೆ ಗ್ಯಾರಂಟಿ ಇರುತ್ತದೆ, ಅದೇ ದೊಡ್ಡ ವ್ಯತ್ಯಾಸ.

ಪಾಸಾದರೆ ಮುಗಿಯಲಿಲ್ಲ. ನಿಮ್ಮನ್ನು ಸ್ಪಾನ್ಸರ್ ಮಾಡಲು ಒಂದು ವಿಮಾ ಕಂಪನಿ ಬೇಕು. ನಿಮ್ಮ ತಪ್ಪಿನಿಂದ ಗ್ರಾಹಕರಿಗೆ ನಷ್ಟವಾದರೆ ತುಂಬಿಕೊಡುವ ಇ ಆಂಡ್ ಓ ವಿಮೆಯನ್ನು ನೀವೇ ಮಾಡಿಸಬೇಕು. ಲೈಸೆನ್ಸ್ ಎರಡು ವರ್ಷಕ್ಕೆ. ಅಷ್ಟರೊಳಗೆ 30 ಗಂಟೆ ಕಲಿಕೆ ಮುಗಿಸಿರಬೇಕು. ಕಾರು, ಮನೆ ವಿಮೆಯ ದಾರಿಯೇ ಬೇರೆ. ಬ್ರೋಕರ್ ಆಗುವವರು ಬ್ರೋಕರರ ನಿಯಂತ್ರಣ ಸಂಸ್ಥೆಯಾದ ಆರ್‌ಐಬಿಓ ಪರೀಕ್ಷೆ ಬರೆಯುತ್ತಾರೆ.

ಈಗ ರೊಕ್ಕದ ಮಾತು. ನನಗೆ ಪೆಟ್ಟು ಬಿದ್ದದ್ದು ಇಲ್ಲೇ. ಮೊದಲ ವರ್ಷದ ಕಮಿಷನ್ ಜಾಸ್ತಿ ಬರುತ್ತದೆ, ನಿಜ. ಆದರೆ ಒಂದೆರಡು ವರ್ಷದೊಳಗೆ ಗ್ರಾಹಕರು ಕಂತು ಕಟ್ಟದೆ ಪಾಲಿಸಿ ಲ್ಯಾಪ್ಸ್ ಆದರೆ ಕಂಪನಿ ಅದನ್ನು ವಾಪಸ್ ಕೇಳುತ್ತದೆ. ಚಾರ್ಜ್‌ಬ್ಯಾಕ್ ಅಂತಾರೆ. ನಾನು ಸೇರಿದ ಮೊದಲ ಏಜೆನ್ಸಿಯಲ್ಲಿ ಇದನ್ನು ಯಾರೂ ಬಿಡಿಸಿ ಹೇಳಲಿಲ್ಲ. ನೆಂಟರಿಷ್ಟರನ್ನು ಏಜೆಂಟರಾಗಿ ಕರೆತನ್ನಿ ಅಂತ ಮಾತ್ರ ದಿನಾ ಹೇಳುತ್ತಿದ್ದರು. ನಾನು ಮಾಡಿಸಿದ ಮೂರು ಪಾಲಿಸಿ ಹಾಗೆ ನಿಂತುಹೋದವು, ಬಂದ ಕಮಿಷನ್ ತಿರುಗಿ ಕಟ್ಟಿದೆ. ಸಹಿ ಹಾಕುವ ಮೊದಲು ಚಾರ್ಜ್‌ಬ್ಯಾಕ್ ಎಷ್ಟು ತಿಂಗಳು ಅಂತ ಕಾಗದದಲ್ಲಿ ಬರೆಸಿಕೊಳ್ಳಿ.

ನಮ್ಮ ಬ್ಯಾಡಗಿಯ ಗ್ರಾಹಕರು "ಮೆಣಸಿನಕಾಯಿ ಮಾರಿದ ಮ್ಯಾಲೆ ಕಟ್ಟತೀನ್ರೀ" ಅನ್ನುತ್ತಿದ್ದರು. ಅದಕ್ಕೇ ನಾನು ವರ್ಷಕ್ಕೊಂದೇ ಕಂತು ಇಡುತ್ತಿದ್ದೆ. ಇಲ್ಲಿ ಸಾಮಾನ್ಯವಾಗಿ ಪ್ರೀಮಿಯಂ ತಿಂಗಳು ತಿಂಗಳು ಬ್ಯಾಂಕ್ ಖಾತೆಯಿಂದ ತಾನೇ ಹೋಗುತ್ತದೆ. ಹೊಸದಾಗಿ ಬಂದವರ ಖಾತೆಯಲ್ಲಿ ಯಾವ ತಾರೀಖಿಗೆ ಸಂಬಳ ಬೀಳುತ್ತದೆ ಅಂತ ಕೇಳಿಯೇ ಕಂತಿನ ದಿನ ಗೊತ್ತುಮಾಡಿ. "ಮಾರ್ಚ್ ಬಂತು, ಟ್ಯಾಕ್ಸ್ ಉಳಿಸಿ" ಅನ್ನುವ ಮಾತು ಮಾತ್ರ ಊರಲ್ಲೇ ಬಿಟ್ಟು ಬನ್ನಿ. ಸ್ವಂತಕ್ಕೆ ಮಾಡಿಸಿದ ಜೀವ ವಿಮೆಯ ಪ್ರೀಮಿಯಂಗೆ ಇಲ್ಲಿ ತೆರಿಗೆ ವಿನಾಯಿತಿ ಇಲ್ಲ.

ಅರ್ಜಿ ತುಂಬುವಾಗ ಒಂದು ಪ್ರಶ್ನೆಯ ಮೇಲೆ ನಿಗಾ ಇರಲಿ. ಸಿಗರೇಟ್ ಸೇದುತ್ತೀರಾ ಅಂದರೆ ನಮ್ಮವರು ಖರೇನೇ "ಇಲ್ರೀ" ಅನ್ನುತ್ತಾರೆ. ಕಿಸೆಯಲ್ಲಿ ಗುಟ್ಕಾ ಚೀಟಿ ಇರುತ್ತದೆ! ಅರ್ಜಿ ಕೇಳುವುದು ಸಿಗರೇಟನ್ನಷ್ಟೇ ಅಲ್ಲ, ತಂಬಾಕನ್ನು. ಅಗಿಯುವುದೂ ಲೆಕ್ಕಕ್ಕೆ ಬರುತ್ತದೆ. ತಪ್ಪು ಬರೆದರೆ ನಾಳೆ ಹೆಂಡತಿ ಮಕ್ಕಳ ಕ್ಲೇಮ್ ತಿರಸ್ಕಾರ ಆಗಬಹುದು. ಕನ್ನಡದಲ್ಲೇ ಕೇಳಿ, ಎರಡು ಸಲ ಕೇಳಿ.

ಮೊದಲ ಗ್ರಾಹಕರು ಎಲ್ಲಿ ಸಿಗುತ್ತಾರೆ ಅಂತೀರಾ? ಅಪ್ಪ ಅಮ್ಮನನ್ನು ಸೂಪರ್ ವೀಸಾದಲ್ಲಿ, ಅಂದರೆ ಅವರು ಹೆಚ್ಚು ಕಾಲ ಇಲ್ಲಿ ಇರಲು ಸಿಗುವ ವೀಸಾದಲ್ಲಿ, ಕರೆಸುವವರನ್ನು ನೋಡಿ. ಆ ವೀಸಾಕ್ಕೆ ಕನಿಷ್ಠ ಒಂದು ವರ್ಷದ, 1,00,000 ಡಾಲರ್‌ನ ವೈದ್ಯಕೀಯ ವಿಮೆ ಬೇಕೇ ಬೇಕು. ಧಾರವಾಡದಲ್ಲಿ ಕೂತ ತಾಯಿಯ ಬಿಪಿ ಗುಳಿಗೆಯ ಹೆಸರು ಕೇಳಿ ಬರೆದುಕೊಳ್ಳಲು ಕನ್ನಡ ಬಲ್ಲ ಏಜೆಂಟ್ ಸಿಕ್ಕರೆ ಮಕ್ಕಳಿಗೆ ಎಷ್ಟು ನಿರಾಳ, ಅಲ್ವಾ?