ಮಿಷನ್ ದೋಣಿಯೊಂದರ ಚರಿತ್ರೆಯನ್ನು ಬರೆಯುವ ಬಗೆ

ದುಬಾರೆಯ ಆನೆಗಳು ದಿಮ್ಮಿ ಎಳೆಯುತ್ತಿದ್ದ ಕಾಲದ ಮಾತುಗಳನ್ನು ಕೇಳಿ ಬೆಳೆದ ಕೊಡಗಿನವರಿಗೆ, ಕೆನಡಾದ ಬ್ರಿಟಿಷ್ ಕೊಲಂಬಿಯಾ ಕರಾವಳಿಯ ಮರ ಕಡಿಯುವ ಶಿಬಿರಗಳಿಗೆ ವೈದ್ಯರನ್ನೂ ಪಾದ್ರಿಗಳನ್ನೂ ಕರೆದೊಯ್ಯುತ್ತಿದ್ದ ಮರದ ದೋಣಿಗಳ ಕಥೆ ತೀರಾ ಪರಕೀಯವೆನಿಸದು. ಅದನ್ನು ಬರೆಯಹೊರಟವರು ಮೊದಲು ಹೆಸರುಗಳ ಗೊಂದಲವನ್ನು ಬಿಡಿಸಿಕೊಳ್ಳಬೇಕು: ಈ ದೋಣಿಗಳನ್ನು ನಡೆಸುತ್ತಿದ್ದ ಕ್ರೈಸ್ತ ಸೇವಾಸಂಸ್ಥೆಯಾದ ಕೊಲಂಬಿಯಾ ಕೋಸ್ಟ್ ಮಿಷನ್‌ನ ಸ್ಥಾಪಕ ಜಾನ್ ಆಂಟ್ಲ್ ಅವರ ಕಾಲದಲ್ಲಿ, 1905ರಲ್ಲಿ, ಸೇವೆಗಿಳಿದ ‘ಕೊಲಂಬಿಯಾ’ ಬೇರೆ, 1956ರ ‘ಕೊಲಂಬಿಯಾ 3’ ಬೇರೆ. ಹೆಸರು ಬದಲಾದರೂ ನೋಂದಣಿ ಸಂಖ್ಯೆ ಸಾಮಾನ್ಯವಾಗಿ ಉಳಿಯುವುದರಿಂದ, ಅದನ್ನೇ ಹಿಡಿದು ಮಾಲೀಕರ ಸರಣಿಯನ್ನು ಜೋಡಿಸಿರಿ. ಅನಂತರ ದೋಣಿಯ ದಿನಚರಿಯನ್ನು ಓದಿರಿ. ನನ್ನ ಮಟ್ಟಿಗೆ ಪ್ರಾರ್ಥನಾ ಸಭೆಗಳಿಗಿಂತ ಗಾಯಾಳುಗಳ ಸಾಗಣೆಯ ನಮೂದುಗಳೇ ಹೆಚ್ಚು ಬೆಲೆಯುಳ್ಳವು. ದೋಣಿಯೇ ಉಳಿದಿದ್ದರೆ ಹಲಗೆಗಳ ಸಂದುಗಳನ್ನೂ ಮೊಳೆಗಳ ತುಕ್ಕನ್ನೂ ನೋಡಿ, ಮೂಲ ಮರ ಯಾವುದು, ರಿಪೇರಿಯದು ಯಾವುದು ಎಂಬುದನ್ನು ಪ್ರತ್ಯೇಕವಾಗಿ ಗುರುತಿಸಿರಿ.