15 ಸೆಂಟಿಮೀಟರ್ ವೃತ್ತದೊಳಗಿನ ಸೂರ್ಯ

ಗೌರಿಬಿದನೂರು ತಾಲ್ಲೂಕಿನ ಪ್ರೌಢಶಾಲೆಯೊಂದರಲ್ಲಿ ವಿಜ್ಞಾನ ಕಲಿಸುವ ನಾನು ಕೆಲವು ವರ್ಷಗಳಿಂದ, ಮೋಡವಿಲ್ಲದ ಬೆಳಗುಗಳಲ್ಲಿ, ಮನೆಯ ಮಹಡಿಯ ಮೇಲೆ ಸೂರ್ಯನ ಬಿಂಬವನ್ನು ಕಾಗದದ ಮೇಲೆ ಬೀಳಿಸಿ ಅದರಲ್ಲಿ ಕಾಣುವ ಕಲೆಗಳನ್ನು ಪೆನ್ಸಿಲ್‌ನಿಂದ ಗುರುತಿಸುತ್ತಾ ಬಂದಿದ್ದೇನೆ. ಸೂರ್ಯನ ಕಾಂತೀಯ ಚಟುವಟಿಕೆ, ಅಲ್ಲಿನ ಸ್ಫೋಟಗಳು, ಸೂರ್ಯನಿಂದ ಸದಾ ಬೀಸುವ ವಿದ್ಯುದಾವಿಷ್ಟ ಕಣಗಳ ಹರಿವಾದ ಸೌರಮಾರುತ ಇವೆಲ್ಲ ಉಪಗ್ರಹಗಳಿಗೆ ಮಾತ್ರ ಎಟುಕುವ ಸಂಗತಿಗಳೆಂಬ ಭಾವನೆ ನಮ್ಮಲ್ಲಿ ಬಲವಾಗಿದೆ. ಅದು ಅರ್ಧ ಮಾತ್ರ ನಿಜ. ಕಲೆ ಹುಟ್ಟುವುದು, ಬೆಳೆಯುವುದು, ಜಟಿಲವಾಗುವುದು ಇಷ್ಟನ್ನು ಸಣ್ಣ ದೂರದರ್ಶಕವೇ ತೋರಿಸುತ್ತದೆ. ಅಲ್ಲಿಂದ ಮುಂದಕ್ಕೆ ಉಪಗ್ರಹಗಳ ಅಂಕಿಗಳನ್ನು ಜೊತೆಗಿಟ್ಟುಕೊಳ್ಳಬೇಕು. ಎರಡನ್ನೂ ಒಂದೇ ಪುಸ್ತಕದಲ್ಲಿ ಪಕ್ಕಪಕ್ಕದಲ್ಲಿ ಬರೆದಿಡುವುದು ನಾನು ಅನುಸರಿಸುತ್ತಿರುವ ಕ್ರಮ.

ನನ್ನಲ್ಲಿರುವುದು 80 ಮಿಲಿಮೀಟರ್ ಮಸೂರದ ದೂರದರ್ಶಕ. ಅದರ ಮುಂಭಾಗಕ್ಕೆ 50 ಮಿಲಿಮೀಟರ್ ರಂಧ್ರವಿರುವ ರಟ್ಟಿನ ಮುಚ್ಚಳ ಹಾಕಿ ಒಳಬರುವ ಶಾಖವನ್ನು ತಗ್ಗಿಸುತ್ತೇನೆ. ಕಣ್ಮಸೂರ ಸಾದಾ ಗಾಜಿನದಾಗಿರಬೇಕು. ಪ್ಲಾಸ್ಟಿಕ್ ಭಾಗಗಳಿರುವವು ಕರಗುತ್ತವೆ, ಅಂಟಿನಿಂದ ಕೂಡಿಸಿದ ಮಸೂರಗಳು ಬಿರುಕು ಬಿಡಬಹುದು. ಪಕ್ಕದ ಸಣ್ಣ ಶೋಧಕ ದೂರದರ್ಶಕವನ್ನು ಬಿಚ್ಚಿಯೇ ಇಡುತ್ತೇನೆ, ಏಕೆಂದರೆ ಮಕ್ಕಳು ಮರೆತು ಅದಕ್ಕೆ ಕಣ್ಣಿಟ್ಟರೆ ದೃಷ್ಟಿ ಶಾಶ್ವತವಾಗಿ ಹೋಗುತ್ತದೆ. ಸೂರ್ಯನತ್ತ ಕೊಳವೆಯನ್ನು ಗುರಿಯಿಡಲು ಅದರ ನೆರಳನ್ನಷ್ಟೇ ನೋಡಬೇಕು: ನೆರಳು ಕುಗ್ಗಿ ಕುಗ್ಗಿ ಗುಂಡಗಾದಾಗ ಬಿಂಬ ಕಾಗದದ ಮೇಲೆ ಬಂದಿರುತ್ತದೆ. ಕಾಗದದಲ್ಲಿ ಮೊದಲೇ ಎಳೆದಿಟ್ಟ 15 ಸೆಂಟಿಮೀಟರ್ ವ್ಯಾಸದ ವೃತ್ತಕ್ಕೆ ಬಿಂಬ ಸರಿಯಾಗಿ ಕೂರುವಂತೆ ಹಲಗೆಯನ್ನು ಹಿಂದೆ ಮುಂದೆ ಸರಿಸುತ್ತೇನೆ. ಈ ಅಳತೆಯಲ್ಲಿ ಭೂಮಿಯ ವ್ಯಾಸ 1.4 ಮಿಲಿಮೀಟರಿಗೂ ತುಸು ಕಡಿಮೆ. ಹಾಳೆಯ ಮೂಲೆಯಲ್ಲಿ ಆ ಗಾತ್ರದ ಒಂದು ಚುಕ್ಕೆಯನ್ನು ಪ್ರತಿ ಸಲವೂ ಇಡುತ್ತೇನೆ. ಅದಿಲ್ಲದೆ ಚಿತ್ರದ ಯಾವ ಕಲೆಯ ನಿಜವಾದ ಹರವೂ ಮನಸ್ಸಿಗೆ ಇಳಿಯುವುದಿಲ್ಲ.

ದಿಕ್ಕು ಗುರುತಿಸುವ ಕೆಲಸಕ್ಕೆ ಹೆಚ್ಚು ತಾಳ್ಮೆ ಬೇಕು. ಕೊಳವೆಯನ್ನು ಅಲುಗಿಸದೆ ಬಿಟ್ಟರೆ ಭೂಮಿಯ ತಿರುಗುವಿಕೆಯಿಂದಾಗಿ ಬಿಂಬವು ಸುಮಾರು ಎರಡು ನಿಮಿಷದಲ್ಲಿ ತನ್ನ ವ್ಯಾಸದಷ್ಟು ಸರಿಯುತ್ತದೆ, ಮತ್ತು ಅದು ಸರಿಯುವ ದಿಕ್ಕೇ ಪಶ್ಚಿಮ. ಒಂದು ಚಿಕ್ಕ ಕಲೆ ಕಾಗದದ ಗೆರೆಯ ಮೇಲೆಯೇ ಜಾರುವಂತೆ ಹಾಳೆಯನ್ನು ತಿರುಗಿಸಿದರೆ ಪೂರ್ವ-ಪಶ್ಚಿಮ ನಿಂತಿತು. ಕೊಳವೆಯನ್ನು ತುಸು ಉತ್ತರಕ್ಕೆ ತಿರುಗಿಸಿದಾಗ ಮೊದಲು ಮರೆಯಾಗುವ ಅಂಚು ದಕ್ಷಿಣದ್ದು. ಇದಾದ ಮೇಲೂ ಸೂರ್ಯನ ಅಕ್ಷದ ಓರೆಯನ್ನು ಲೆಕ್ಕಕ್ಕೆ ಸೇರಿಸಬೇಕು: ಏಪ್ರಿಲ್ ಆರಂಭದಲ್ಲಿ ಅದು ಆಕಾಶದ ಉತ್ತರದಿಂದ ಪಶ್ಚಿಮಕ್ಕೆ ಸುಮಾರು 26 ಡಿಗ್ರಿ ವಾಲಿದ್ದರೆ, ಅಕ್ಟೋಬರಿನಲ್ಲಿ ಪೂರ್ವಕ್ಕೆ ಅಷ್ಟೇ ವಾಲಿರುತ್ತದೆ. ಈ ತಿದ್ದುಪಡಿಯಿಲ್ಲದ ಚಿತ್ರಗಳನ್ನು ಒಂದರ ಪಕ್ಕ ಒಂದಿಟ್ಟು ಹೋಲಿಸಲಾಗದು. ನಮ್ಮ ಸೀಮೆಯಲ್ಲಿ ಏಪ್ರಿಲ್ ಕೊನೆಯ ವಾರ ಮತ್ತು ಆಗಸ್ಟ್ ನಡುಭಾಗದ ಶೂನ್ಯ ನೆರಳಿನ ದಿನಗಳ ಆಸುಪಾಸಿನಲ್ಲಿ ಮಧ್ಯಾಹ್ನದ ಸೂರ್ಯ ನಡುನೆತ್ತಿಗೆ ಬರುವುದರಿಂದ ಹಲಗೆ ಹಿಡಿಯುವುದೇ ಕಷ್ಟ. ಮಹಡಿಯ ಕಾಂಕ್ರೀಟು ಕಾದು ಬಿಂಬ ನಡುಗತೊಡಗುವ ಮೊದಲೇ, ಅಂದರೆ ಬೆಳಿಗ್ಗೆ ಎಂಟರ ಒಳಗೆ, ಕೆಲಸ ಮುಗಿಸುವುದು ಎಲ್ಲ ಕಾಲಕ್ಕೂ ಒಳ್ಳೆಯದು.

ಬಿಂಬದ ಮೇಲೆ ಕಾಣುವ ಕಲೆ ಎಂದರೆ ಕಾಂತಕ್ಷೇತ್ರ ಮೇಲ್ಮೈಯನ್ನು ಸೀಳಿ ಹೊರಬಂದಿರುವ ಜಾಗ. ಅಲ್ಲಿನ ಕ್ಷೇತ್ರ ಕೆಲವು ಸಾವಿರ ಗೌಸ್‌ಗಳಷ್ಟಿರುತ್ತದೆ. ನಮ್ಮ ದಿಕ್ಸೂಚಿಯ ಮುಳ್ಳನ್ನು ತಿರುಗಿಸುವ ಭೂಮಿಯ ಕ್ಷೇತ್ರ ಅರ್ಧ ಗೌಸ್‌ನ ಆಸುಪಾಸಿನದು. ಅಷ್ಟು ಬಲವಾದ ಕ್ಷೇತ್ರವು ಒಳಗಿನಿಂದ ಕುದಿದು ಮೇಲೇಳುವ ಅನಿಲವನ್ನು ತಡೆಯುವುದರಿಂದ ಆ ಭಾಗ ತಣ್ಣಗಾಗಿ ಕಪ್ಪಗೆ ಕಾಣುತ್ತದೆ. ಕಲೆಗಳಲ್ಲಿ ಕಾಂತಕ್ಷೇತ್ರವಿದೆ ಎಂಬುದನ್ನು 1908ರಲ್ಲಿ ಅಮೆರಿಕದ ಖಗೋಳಜ್ಞ ಜಾರ್ಜ್ ಎಲೆರಿ ಹೇಲ್ ತೋರಿಸಿಕೊಟ್ಟರು. ಮರುವರ್ಷವೇ ಕೊಡೈಕನಾಲ್‌ನಲ್ಲಿ ಜಾನ್ ಎವರ್‌ಶೆಡ್ ಕಲೆಗಳ ಅರೆನೆರಳಿನಲ್ಲಿ, ಅಂದರೆ ಕಪ್ಪು ನಡುಭಾಗದ ಸುತ್ತಲಿನ ಮಸುಕು ಅಂಚಿನಲ್ಲಿ, ಅನಿಲವು ಹೊರಮುಖವಾಗಿ ಹರಿಯುವುದನ್ನು ಕಂಡುಹಿಡಿದರು. ಮಕ್ಕಳಿಗೆ ನಾನು ಈ ಎರಡನೆಯದನ್ನು ತಪ್ಪದೆ ಹೇಳುತ್ತೇನೆ, ನಮ್ಮ ದಕ್ಷಿಣದ ಬೆಟ್ಟವೊಂದರ ಮೇಲೆ ನಡೆದ ಶೋಧವದು.

ಹೊಸಬರು ಕಲೆಗಳ ಎಣಿಕೆಯಲ್ಲೇ ನಿಂತುಬಿಡುತ್ತಾರೆ. ಎಣಿಕೆಯಿಂದ 11 ವರ್ಷಗಳ ಏರಿಳಿತ ತಿಳಿಯುತ್ತದೆ. ಈಗಿನ 25ನೆಯ ಚಕ್ರ 2019ರ ಡಿಸೆಂಬರಿನಲ್ಲಿ ಆರಂಭವಾದದ್ದು. ಆದರೆ ಸ್ಫೋಟದ ಸುಳಿವು ಸಂಖ್ಯೆಗಿಂತ ಹೆಚ್ಚಾಗಿ ಆಕಾರದಲ್ಲಿರುತ್ತದೆ. ಮುಂದೊಂದು ಹಿಂದೊಂದು ದೊಡ್ಡ ಕಲೆ, ನಡುವೆ ಖಾಲಿ ಜಾಗ ಇರುವ ಗುಂಪು ಸಾಮಾನ್ಯವಾಗಿ ಶಾಂತವಾಗಿಯೇ ದಾಟಿಹೋಗುತ್ತದೆ, ಏಕೆಂದರೆ ಉತ್ತರ ಮತ್ತು ದಕ್ಷಿಣ ಧ್ರುವತೆಗಳು ದೂರದೂರವಿದ್ದು ಬಲರೇಖೆಗಳು ಸರಳವಾಗಿ ಕಮಾನು ಕಟ್ಟಿರುತ್ತವೆ. ಒಂದೇ ಅರೆನೆರಳಿನೊಳಗೆ ಎರಡೂ ಧ್ರುವತೆಯ ಕಪ್ಪು ನಡುಭಾಗಗಳು ಒತ್ತರಿಸಿಕೊಂಡಾಗ ರೇಖೆಗಳು ತಿರುಚಿಕೊಂಡು ಶಕ್ತಿ ಶೇಖರವಾಗುತ್ತದೆ. ಧ್ರುವತೆ ನನ್ನ ಕಾಗದದಲ್ಲಿ ಕಾಣುವುದಿಲ್ಲ, ಒತ್ತರಿಸಿಕೊಂಡಿರುವುದು ಕಾಣುತ್ತದೆ.

2024ರ ಮೇ ತಿಂಗಳ ಮೊದಲ ವಾರದಲ್ಲಿ ದಕ್ಷಿಣಾರ್ಧದಲ್ಲಿ ಹೀಗೊಂದು ಗುಂಪು ಬೆಳೆಯಿತು. ಅದಕ್ಕೆ ಕೊಟ್ಟ ಸಂಖ್ಯೆ 13664. ಬೇಸಿಗೆ ರಜೆಯಾದ್ದರಿಂದ ಶಾಲೆಯ ಗಂಟೆಯ ಹಂಗಿಲ್ಲದೆ ಅದನ್ನು ಹಿಂಬಾಲಿಸಲು ಸಾಧ್ಯವಾಯಿತು. ಆರಂಭದಲ್ಲಿ ಅದು ಪೆನ್ಸಿಲ್ ಮೊನೆಯ ಗುರುತುಗಳ ಚಿಕ್ಕ ಸಾಲು. ಪಕ್ಕದಲ್ಲೇ ಮೂಡಿದ 13668 ಎಂಬ ಗುಂಪು ಅದರೊಂದಿಗೆ ಬೆರೆತು, 8 ಮತ್ತು 9ರ ಹೊತ್ತಿಗೆ ನನ್ನ ವೃತ್ತದಲ್ಲಿ ಸುಮಾರು ಎರಡು ಸೆಂಟಿಮೀಟರ್ ಉದ್ದಕ್ಕೆ, ಅಂದರೆ ಹದಿನೈದು ಭೂಮಿಗಳನ್ನು ಸಾಲಾಗಿಟ್ಟಷ್ಟು ಉದ್ದಕ್ಕೆ ಚಾಚಿಕೊಂಡಿತು. ಗ್ರಹಣದ ಕನ್ನಡಕದಲ್ಲಿ ದೂರದರ್ಶಕವಿಲ್ಲದೆಯೇ ಕಾಣುತ್ತಿತ್ತು. ಚಿತ್ರ ಬರೆಯುವಾಗ ಒಂದು ಕಲೆಯ ಅರೆನೆರಳು ಎಲ್ಲಿ ಮುಗಿದು ಇನ್ನೊಂದರದು ಎಲ್ಲಿ ಶುರುವಾಗುತ್ತದೆಂದು ಗೆರೆ ಎಳೆಯಲಾಗದೆ ಇಡೀ ಭಾಗವನ್ನು ಒಂದೇ ಛಾಯೆಯಲ್ಲಿ ತುಂಬಿ, ಒಳಗೆ ಕಪ್ಪು ತುಣುಕುಗಳನ್ನು ಒಂದೊಂದಾಗಿ ಕೂರಿಸಬೇಕಾಯಿತು. ಉಪಗ್ರಹದ ಕಾಂತಚಿತ್ರದಲ್ಲಿ ಅದೇ ತುಣುಕುಗಳು ಕಪ್ಪು ಬಿಳುಪಾಗಿ, ಒಂದಕ್ಕೊಂದು ಹೆಣೆದುಕೊಂಡು ಕಂಡವು.

8ರಿಂದಲೇ ಅಲ್ಲಿ ಎಕ್ಸ್ ದರ್ಜೆಯ ಜ್ವಾಲೆಗಳು, ಅಂದರೆ ಬೆಳಕು ಮತ್ತು ಕ್ಷ-ಕಿರಣ ಚೆಲ್ಲುವ ಅತಿ ಪ್ರಬಲ ದರ್ಜೆಯ ಸ್ಫೋಟಗಳು, ಸಿಡಿಯತೊಡಗಿದ್ದರಿಂದ ಮನೆಯಲ್ಲಿದ್ದ ಹಳೆಯ ಶಾರ್ಟ್‌ವೇವ್ ರೇಡಿಯೋವನ್ನು ದೂರದ ಒಂದು ಕೇಂದ್ರಕ್ಕೆ ಹಚ್ಚಿ ಹಗಲೆಲ್ಲ ಇಟ್ಟಿರುತ್ತಿದ್ದೆ. 10ರಂದು ಮಧ್ಯಾಹ್ನ 12 ಗಂಟೆ 24 ನಿಮಿಷಕ್ಕೆ ಎಕ್ಸ್ 3.9 ಜ್ವಾಲೆ ಉತ್ತುಂಗಕ್ಕೇರಿತು. ಆ ಗಳಿಗೆಯಲ್ಲಿ ಸೂರ್ಯ ನಮ್ಮ ನೆತ್ತಿಯಿಂದ ನಾಲ್ಕೈದು ಡಿಗ್ರಿಯಷ್ಟು ಮಾತ್ರ ಸರಿದಿದ್ದುದರಿಂದ, ಜ್ವಾಲೆಯ ಕ್ಷ-ಕಿರಣಗಳು ಬಹುಪಾಲು ನೇರವಾಗಿ ನಮ್ಮ ಮೇಲಿನ ವಾಯುಮಂಡಲಕ್ಕೇ ಬಡಿದವು. ರೇಡಿಯೋದ ದನಿ ತಗ್ಗುತ್ತಾ ಹೋಗಿ ಬರಿಯ ಸದ್ದಾಯಿತು. ಕಡಿಮೆ ಮೀಟರಿನ, ಅಂದರೆ ಹೆಚ್ಚಿನ ಆವರ್ತನದ ಬ್ಯಾಂಡುಗಳಿಗೆ ತಿರುಗಿಸಿದರೂ ಏನೂ ಸಿಗಲಿಲ್ಲ. ಕ್ಷ-ಕಿರಣಗಳು ವಾಯುಮಂಡಲದ ಮೇಲ್ಭಾಗದ ವಿದ್ಯುದಾವಿಷ್ಟ ವಲಯವಾದ ಅಯಾನುಗೋಲದ ತಳಪದರವನ್ನು ದಟ್ಟಗೊಳಿಸಿ ಶಾರ್ಟ್‌ವೇವ್ ಅಲೆಗಳನ್ನು ನುಂಗುವುದರಿಂದ ಹೀಗಾಗುತ್ತದೆ. ಸ್ವಲ್ಪ ಹೊತ್ತಿನ ಮೇಲೆ ಮೊದಲು ಮರಳಿದ್ದು ಹೆಚ್ಚಿನ ಆವರ್ತನಗಳು, ಅದು ಆಗಬೇಕಾದ ಕ್ರಮವೇ. ಜ್ವಾಲೆಯ ಬೆಳಕು ಮತ್ತು ಕ್ಷ-ಕಿರಣ ಎಂಟು ನಿಮಿಷ ಚಿಲ್ಲರೆಯಲ್ಲಿ ಭೂಮಿಯನ್ನು ತಲುಪುತ್ತವೆ; ಅವುಗಳ ಬಗ್ಗೆ ಮುನ್ಸೂಚನೆ ಬರುವುದಕ್ಕೆ ಸಮಯವೇ ಇಲ್ಲ.

ಅದೇ ರಾತ್ರಿ 10 ಗಂಟೆ 35 ನಿಮಿಷದ ಸುಮಾರಿಗೆ ಭೂಮಿಗೆ ಅಪ್ಪಳಿಸಿದ ಕಾಂತೀಯ ಬಿರುಗಾಳಿ ಮಧ್ಯಾಹ್ನದ ಈ ಜ್ವಾಲೆಯಿಂದ ಬಂದದ್ದಲ್ಲ, ಮತ್ತು ಈ ವ್ಯತ್ಯಾಸವನ್ನು ಒತ್ತಿ ಹೇಳುವುದು ಅಗತ್ಯವೆಂದು ನನಗನ್ನಿಸುತ್ತದೆ. ಅದು ಹಿಂದಿನ ಎರಡು ದಿನಗಳಲ್ಲಿ ಸೂರ್ಯನ ಹೊರ ವಾತಾವರಣವಾದ ಕರೋನದಿಂದ ಒಂದರ ಹಿಂದೊಂದು ಚಿಮ್ಮಿ, ದಾರಿಯಲ್ಲಿ ಒಂದನ್ನೊಂದು ಹಿಂದಿಕ್ಕಿ ಬೆರೆತ ದ್ರವ್ಯರಾಶಿಗಳ ಹೊಡೆತ. ಭೂಮಿಯಿಂದ ಸೂರ್ಯನ ದಿಕ್ಕಿಗೆ 15 ಲಕ್ಷ ಕಿಲೋಮೀಟರ್ ದೂರದಲ್ಲಿ, ಎಲ್1 ಎಂಬ ಬಿಂದುವಿನಲ್ಲಿರುವ ನೌಕೆಗಳು ಅದನ್ನು ಮೊದಲು ಕಂಡವು. ಆ ವರ್ಷದ ಜನವರಿ 6ರಂದು ಅಲ್ಲಿಗೆ ತಲುಪಿದ್ದ ನಮ್ಮ ಆದಿತ್ಯ-ಎಲ್1 ಸಹ ಅವುಗಳಲ್ಲೊಂದು. ಸೌರಮಾರುತದ ವೇಗ ಸೆಕೆಂಡಿಗೆ 700 ಕಿಲೋಮೀಟರ್ ದಾಟಿತು. ಆ ವೇಗದಲ್ಲಿ ಎಲ್1ನಿಂದ ನಮ್ಮವರೆಗಿನ ಎಚ್ಚರಿಕೆಯ ಅವಧಿ ಸುಮಾರು ಮೂವತ್ತೈದು ನಿಮಿಷ.

ಅಂದು ನಾನು ಮೊಬೈಲಿನಲ್ಲಿ ಕಣ್ಣು ನೆಟ್ಟಿದ್ದು ವೇಗದ ಗೆರೆಯ ಮೇಲಲ್ಲ, ಕಾಂತಕ್ಷೇತ್ರದ ಉತ್ತರ-ದಕ್ಷಿಣ ದಿಕ್ಕನ್ನು ಹೇಳುವ ಗೆರೆಯ ಮೇಲೆ. ಸೌರಮಾರುತ ಹೊತ್ತು ತರುವ ಕ್ಷೇತ್ರ ಉತ್ತರಾಭಿಮುಖವಾಗಿದ್ದರೆ ಭೂಮಿಯ ಕಾಂತಗೋಲ ಅದನ್ನು ಬಹುಮಟ್ಟಿಗೆ ಪಕ್ಕಕ್ಕೆ ಸರಿಸುತ್ತದೆ. ದಕ್ಷಿಣಾಭಿಮುಖವಾಗಿದ್ದರೆ, ಹಗಲಿನ ಬದಿಯಲ್ಲಿ ಉತ್ತರಕ್ಕೆ ಮುಖಮಾಡಿರುವ ನಮ್ಮ ಬಲರೇಖೆಗಳೊಂದಿಗೆ ಅದು ಬೆಸೆದುಕೊಂಡು ಶಕ್ತಿಗೆ ಬಾಗಿಲು ತೆರೆಯುತ್ತದೆ. ಸಾಮಾನ್ಯ ದಿನಗಳಲ್ಲಿ ಕೆಲವೇ ನ್ಯಾನೋಟೆಸ್ಲಾಗಳಲ್ಲಿ ಏರಿಳಿಯುವ ಆ ಗೆರೆ ಅಂದು ದಕ್ಷಿಣದ ಕಡೆಗೆ 40 ನ್ಯಾನೋಟೆಸ್ಲಾ ಮೀರಿ ಕುಸಿಯಿತು. ಬೆಳಗಿನ ಜಾವಕ್ಕೆ ಬಿರುಗಾಳಿ ಜಿ5 ಎಂಬ ಕಟ್ಟಕಡೆಯ ದರ್ಜೆ ಮುಟ್ಟಿತು, 2003ರ ಅಕ್ಟೋಬರಿನ ನಂತರ ಮೊದಲ ಬಾರಿಗೆ. ಲಡಾಖಿನ ಹಾನ್ಲೆಯಲ್ಲಿ ಭಾರತೀಯ ಖಭೌತ ಸಂಸ್ಥೆಯ ಕ್ಯಾಮೆರಾಗಳು ಆಕಾಶದ ಕೆಂಪು ಹೊಳಪನ್ನು ಸೆರೆಹಿಡಿದವು. ಕಾಂತೀಯ ಸಮಭಾಜಕಕ್ಕೆ ಹತ್ತಿರವಿರುವ ನಮ್ಮೂರಿನಲ್ಲಿ ಅಂಥದ್ದೇನೂ ಕಾಣುವಂತಿಲ್ಲ.

ಅದೇ ಸಂಸ್ಥೆಯ ರೇಡಿಯೋ ವೀಕ್ಷಣಾಲಯ ನಮ್ಮ ತಾಲ್ಲೂಕಿನಲ್ಲೇ ಇದೆ. ಹೊಲಗಳ ನಡುವೆ ಮೀನಿನ ಮುಳ್ಳಿನಂತೆ ನಿಂತಿರುವ ಅಲ್ಲಿನ ಆಂಟೆನಾಗಳು 1997ರಿಂದ ಕರೋನದ ರೇಡಿಯೋ ಬಿಂಬಗಳನ್ನು ದಾಖಲಿಸುತ್ತಿವೆ. ಸ್ಫೋಟದ ಆಘಾತ ತರಂಗ ಕರೋನದಲ್ಲಿ ಮೇಲೇರಿದಂತೆ ಸುತ್ತಲ ಪ್ಲಾಸ್ಮಾ (ವಿದ್ಯುದಾವಿಷ್ಟ ಅನಿಲ) ವಿರಳವಾಗಿ, ಹೊಮ್ಮುವ ರೇಡಿಯೋ ಅಲೆಗಳ ಆವರ್ತನ ಇಳಿಯುತ್ತಾ ಬರುತ್ತದೆ; ಆ ಇಳಿತದ ದರದಿಂದಲೇ ಆಘಾತದ ವೇಗವನ್ನು ಅಂದಾಜಿಸಬಹುದು. ನನ್ನ ಕಾಗದ ಮತ್ತು ಎಲ್1ರ ಅಂಕಿಗಳ ನಡುವಿನ ಖಾಲಿ ಜಾಗವನ್ನು ತುಂಬುವ ದಾಖಲೆ ಊರಿನ ಪಕ್ಕದಲ್ಲೇ ತಯಾರಾಗುತ್ತಿರುವುದನ್ನು ನಮ್ಮ ಜಿಲ್ಲೆಯ ಮಕ್ಕಳು ಅರಿಯಬೇಕೆಂಬುದು ನನ್ನ ಆಸೆ.

ಆ ಗುಂಪು ಪಶ್ಚಿಮದ ಅಂಚಿನಲ್ಲಿ ಮರೆಯಾಗಿ, ಮೇ ಕೊನೆಯಲ್ಲಿ 13697 ಎಂಬ ಹೊಸ ಸಂಖ್ಯೆಯೊಂದಿಗೆ ಪೂರ್ವದ ಅಂಚಿನಿಂದ ಮತ್ತೆ ಬಂತು. ಅಕ್ಟೋಬರಿನಲ್ಲಿ ಇನ್ನೊಂದು ಹೋಲಿಕೆ ಸಿಕ್ಕಿತು. ನವರಾತ್ರಿಯ ಮೊದಲ ದಿನ, 3ರಂದು, ಎಕ್ಸ್ 9 ದರ್ಜೆಯ ಭಾರೀ ಜ್ವಾಲೆ ಸಿಡಿಯಿತಾದರೂ ಅದಕ್ಕೆ ತಕ್ಕ ಬಿರುಗಾಳಿ ಬರಲಿಲ್ಲ. 9ರ ಎಕ್ಸ್ 1.8 ಜ್ವಾಲೆಯೊಂದಿಗೆ ಚಿಮ್ಮಿದ ದ್ರವ್ಯರಾಶಿ ನೇರ ನಮ್ಮತ್ತ ಬಂದು, ಆಯುಧಪೂಜೆಯ ಹಿಂದಿನ ರಾತ್ರಿ ಜಿ4 ದರ್ಜೆಯ ಬಿರುಗಾಳಿ ಎಬ್ಬಿಸಿತು. ಜ್ವಾಲೆಯ ದರ್ಜೆಯನ್ನಷ್ಟೇ ನೋಡಿ ಬಿರುಗಾಳಿಯನ್ನು ಊಹಿಸಬಾರದೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಉದಾಹರಣೆ ನನ್ನ ಪುಸ್ತಕದಲ್ಲಿಲ್ಲ.

ಈಗ ಹಾಳೆಗಳನ್ನು ತಿಂಗಳುವಾರು ಜೋಡಿಸುವುದನ್ನು ಬಿಟ್ಟು, ಒಂದು ಸಾಲಿಗೆ 27 ದಿನಗಳಂತೆ ಅಂಟಿಸುತ್ತಿದ್ದೇನೆ. ಭೂಮಿಯಿಂದ ನೋಡಿದಾಗ ಸೂರ್ಯ ಒಂದು ಸುತ್ತು ಮುಗಿಸುವ ಅವಧಿ ಹೆಚ್ಚುಕಡಿಮೆ ಅಷ್ಟು. ಚಕ್ರ ಇಳಿಮುಖವಾದಂತೆ ಕಲೆಗಳು ಸಮಭಾಜಕದ ಹತ್ತಿರ ಸರಿಯುತ್ತವೆ, ಮತ್ತು ಬಲರೇಖೆಗಳು ಅಂತರಿಕ್ಷಕ್ಕೆ ತೆರೆದುಕೊಂಡಿರುವ ಕರೋನದ ರಂಧ್ರಗಳಿಂದ ವೇಗದ ಸೌರಮಾರುತ ಸುತ್ತು ಸುತ್ತಿಗೂ ಮರಳಿ ಬೀಸುತ್ತದೆ. ಆ ರಂಧ್ರಗಳು ಸಾಮಾನ್ಯ ಬೆಳಕಿನಲ್ಲಿ ಕಾಣುವುದಿಲ್ಲವಾದ್ದರಿಂದ ವೃತ್ತ ಬಹುತೇಕ ಖಾಲಿಯಿರುವ ದಿನವೂ ಪಕ್ಕದಲ್ಲಿ ಸೆಕೆಂಡಿಗೆ 600 ಕಿಲೋಮೀಟರ್ ಎಂದು ಬರೆಯಬೇಕಾಗಬಹುದು. ಹಾಗೆ ಬರೆದ ದಿನದ ನೇರ ಕೆಳಗೆ, ಮುಂದಿನ ಸಾಲಿನಲ್ಲಿ, ವೇಗ ಮತ್ತೆ ಏರಿದೆಯೇ ಎಂದು ನೋಡುವ ಕೆಲಸವನ್ನು ಒಂಬತ್ತನೆಯ ತರಗತಿಯ ಮಕ್ಕಳಿಗೆ ಒಪ್ಪಿಸಿದ್ದೇನೆ.