ಕಿಟಕಿಯಿಂದ ಸೀಮೆಸುಣ್ಣದ ಗೆರೆಯವರೆಗೆ

ಖಾಲಿ ಬಿದ್ದ ಕಚೇರಿ ಕಟ್ಟಡವನ್ನು ನೋಡಲು ಸಾಧ್ಯವಾದರೆ ಡಿಸೆಂಬರ್ ತಿಂಗಳಲ್ಲಿ, ಮಧ್ಯಾಹ್ನ ಮೂರು ಗಂಟೆಗೆ ಹೋಗುತ್ತೇನೆ. ಕೆನಡಾದ ಕ್ಯಾಲ್ಗರಿಯಲ್ಲಿ ಆ ದಿನಗಳಲ್ಲಿ ನಾಲ್ಕೂವರೆಗೆಲ್ಲ ಹೊತ್ತು ಮುಳುಗುತ್ತದೆ. ದೀಪಗಳನ್ನೆಲ್ಲ ಆರಿಸಿ, ಕೈಯಲ್ಲೊಂದು ಪತ್ರಿಕೆ ಹಿಡಿದು, ಕಿಟಕಿಯಿಂದ ಒಳಕ್ಕೆ ನಿಧಾನವಾಗಿ ನಡೆಯುತ್ತೇನೆ. ಅಕ್ಷರ ಕಾಣದಂತಾಗುವಲ್ಲಿ ನಿಂತು ನೆಲಕ್ಕೆ ಸೀಮೆಸುಣ್ಣದ ಗೆರೆ ಎಳೆಯುತ್ತೇನೆ. ಸಾಮಾನ್ಯವಾಗಿ ಅದು ಇಪ್ಪತ್ತೈದರಿಂದ ಮೂವತ್ತು ಅಡಿಯೊಳಗೆ ಬೀಳುತ್ತದೆ. ವಾಸ್ತುಶಿಲ್ಪಿಯಾಗಿ ಕಚೇರಿಗಳನ್ನು ಮನೆಗಳಾಗಿ ಮಾರ್ಪಡಿಸುವ ಕೆಲಸಕ್ಕೆ ಇಳಿದ ಮೇಲೆ ನಾನು ಯಾವ ಅಂದಾಜುಪಟ್ಟಿಗಿಂತ ಹೆಚ್ಚಾಗಿ ನಂಬುವುದು ಈ ಗೆರೆಯನ್ನೇ.

ಈ ಕೆಲಸ ಹುಟ್ಟಿದ್ದು ಕಷ್ಟಕಾಲದಲ್ಲಿ. 2014ರಲ್ಲಿ ತೈಲದ ಬೆಲೆ ಕುಸಿಯಿತು, ಕಂಪನಿಗಳು ಜನರನ್ನು ಕಳಿಸಿದವು, ಮಹಡಿಗಳು ಒಂದೊಂದಾಗಿ ಬರಿದಾದವು. 2021ರ ಹೊತ್ತಿಗೆ ನಗರದ ನಡುಭಾಗದ ಕಚೇರಿ ಜಾಗದಲ್ಲಿ ಸುಮಾರು ಮೂರನೇ ಒಂದು ಭಾಗ ಖಾಲಿ. ಆ ಕಟ್ಟಡಗಳ ಬೆಲೆ ಸುಮಾರು 1,600 ಕೋಟಿ ಡಾಲರ್‌ನಷ್ಟು ಇಳಿದಿತ್ತು. ಎತ್ತರದ ಕಟ್ಟಡಗಳು ತೆರಬೇಕಿದ್ದ ತೆರಿಗೆಯ ಹೊರೆ ದೂರದ ಬಡಾವಣೆಯ ಹೇರ್‌ಕಟಿಂಗ್ ಅಂಗಡಿಯ ಹೆಗಲೇರಿತು. 2019ರ ಜೂನ್‌ನಲ್ಲಿ ಸಣ್ಣ ವ್ಯಾಪಾರಿಗಳು ನಗರಪಾಲಿಕೆಯ ಎದುರು ಸೇರಿ ಪ್ರತಿಭಟಿಸಿದರು. ಆದ್ದರಿಂದ, ಮನೆ ಕಟ್ಟುವವರಿಗೆ ಪಾಲಿಕೆ ಏಕೆ ಹಣ ಕೊಡಬೇಕು ಎಂದು ಯಾರಾದರೂ ಕೇಳಿದರೆ ನಾನು ಆ ಅಂಗಡಿಯವರ ಕಡೆ ಬೆರಳು ತೋರಿಸುತ್ತೇನೆ. 2021ರ ಯೋಜನೆ ಮಾರ್ಪಡಿಸಿದ ಪ್ರತಿ ಚದರ ಅಡಿಗೆ 75 ಡಾಲರ್ ಪ್ರೋತ್ಸಾಹಧನ ಘೋಷಿಸಿತು. 2031ರೊಳಗೆ 60 ಲಕ್ಷ ಚದರ ಅಡಿ ಕಚೇರಿ ಜಾಗವನ್ನು ಕಡಿಮೆ ಮಾಡುವುದು ಗುರಿ. ಮೊದಲು ಮುಗಿದ ಕಟ್ಟಡ, ಹತ್ತು ಮಹಡಿಯ ‘ಕಾರ್ನರ್‌ಸ್ಟೋನ್’, 2024ರಲ್ಲಿ 112 ಮನೆಗಳೊಂದಿಗೆ ತೆರೆಯಿತು. ಒಂದು ಸಂಜೆ ಆ ಬೀದಿಯಲ್ಲಿ ನಿಂತು ಕಿಟಕಿಗಳಲ್ಲಿ ದೀಪ ಹೊತ್ತುವುದನ್ನು ನೋಡಿದಾಗ ನನಗೆ ಕಣ್ಣು ತುಂಬಿ ಬಂದಿತ್ತು.

ಆದರೆ ಪ್ರೋತ್ಸಾಹಧನ ಕೈಸೇರುವುದು ಕೆಲಸ ಮುಗಿದ ಮೇಲೆ. ಅಲ್ಲಿಯವರೆಗೆ ಸಾಲದ ಬಡ್ಡಿ ಓಡುತ್ತಲೇ ಇರುತ್ತದೆ, ಕಟ್ಟಡವೋ ತನ್ನ ಗುಟ್ಟುಗಳನ್ನು ಒಂದೊಂದಾಗಿ ಬಿಡುತ್ತದೆ. ಕಚೇರಿಯಲ್ಲಿ ಮಹಡಿಗೆ ಎರಡು ಶೌಚಾಲಯ ಸಾಕು. ಅದೇ ಮಹಡಿಯಲ್ಲಿ ಹನ್ನೆರಡು ಮನೆ ಮಾಡಿದರೆ ಹನ್ನೆರಡು ಬಚ್ಚಲು, ಹನ್ನೆರಡು ಅಡುಗೆಮನೆ. ಅಷ್ಟೂ ಕೊಳವೆಗಳಿಗೆ ಸ್ಲ್ಯಾಬ್ ಕೊರೆಯಬೇಕು. ಇಲ್ಲಿನ ಎಷ್ಟೋ ಹಳೆಯ ಸ್ಲ್ಯಾಬ್‌ಗಳೊಳಗೆ ವೀಣೆಯ ತಂತಿಯಂತೆ ಬಿಗಿದ ಉಕ್ಕಿನ ಕೇಬಲ್‌ಗಳಿವೆ. ಒಂದು ತುಂಡಾದರೂ ಅಪಾಯ. ರೇಡಾರ್ ಯಂತ್ರವನ್ನು ನೆಲದ ಮೇಲೆ ಉರುಳಿಸುತ್ತ ಹೋಗುವ ಕೆಲಸಗಾರ ಕೆಂಪು ಬಣ್ಣದಲ್ಲಿ ಗುರುತು ಹಾಕುತ್ತಾನೆ, ನಾನು ನಕ್ಷೆ ಹಿಡಿದು ಹಿಂದೆ ನಡೆಯುತ್ತೇನೆ. ಒಮ್ಮೆ ಮೂರು ಮಹಡಿಗಳಲ್ಲಿ ಬಚ್ಚಲಿನ ಜಾಗಕ್ಕೇ ಸರಿಯಾಗಿ ಕೆಂಪು ಗೆರೆ ಹಾದುಹೋಯಿತು. ಆ ವಾರ ಇಡೀ ನಕ್ಷೆಯನ್ನು ಹೊಸದಾಗಿ ಬರೆದೆ.

ನಾನು ನಿಜವಾಗಿ ಕಲಿತದ್ದು ಬೇರೊಂದು ಸಣ್ಣ ಊರಿನಲ್ಲಿ. ಅಲ್ಲಿನ ನಗರಸಭೆ ಮೂರು ಕಡೆ ಬಾಡಿಗೆ ಕಟ್ಟಡಗಳಲ್ಲಿ ಹಂಚಿಹೋಗಿತ್ತು. ತೆರಿಗೆ ಕಟ್ಟಲು ಒಂದು ಕಡೆ, ನಕ್ಷೆಯ ಮಂಜೂರಾತಿಗೆ ಇನ್ನೊಂದು ಕಡೆ. ಪೇಟೆಯ ನಡುವೆ ಒಂಬತ್ತು ಮಹಡಿಯ ಕಟ್ಟಡವೊಂದು ಖಾಲಿ ನಿಂತಿತ್ತು. ಅಷ್ಟೂ ಮಹಡಿಗಳನ್ನು ಮನೆ ಮಾಡಿದರೆ ಪ್ರೋತ್ಸಾಹಧನ ಹೆಚ್ಚು ಸಿಗುತ್ತದೆ ಎಂಬುದು ಕಟ್ಟಡದ ಮಾಲೀಕರ ಲೆಕ್ಕ. ಮೇಲಿನ ಏಳು ಮಹಡಿಗಳು ಕಿರಿದಾಗಿದ್ದವು, ತೊಂದರೆಯಿರಲಿಲ್ಲ. ಕೆಳಗಿನ ಎರಡು ಮಾತ್ರ ಬಹಳ ಅಗಲ. ನನ್ನ ಗೆರೆ ಇಪ್ಪತ್ತಾರು ಅಡಿಗೆ ಬಿತ್ತು, ನಡುವಿನ ಲಿಫ್ಟ್ ಗೋಡೆ ಅಲ್ಲಿಂದ ಇನ್ನೂ ಇಪ್ಪತ್ತು ಅಡಿ ಆಚೆ. ಆ ಕತ್ತಲಿಗೆ ‘ಓದುವ ಕೋಣೆ’ ಎಂದು ಹೆಸರಿಟ್ಟು ಮೊದಲ ನಕ್ಷೆ ಬರೆದೆ. ಬರೆದ ಕೈಗೇ ಸಮಾಧಾನವಾಗಲಿಲ್ಲ.

ಆ ರಾತ್ರಿ ಊರಿಗೆ ಫೋನ್ ಮಾಡಿದಾಗ ಅಮ್ಮನಿಗೆ ಹೇಳಿದೆ. ನಮ್ಮದು ಮಲೆನಾಡಿನ ತೊಟ್ಟಿ ಮನೆ. ಬೆಳಕೆಲ್ಲ ನಡುವಿನ ತೊಟ್ಟಿಯಿಂದಲೇ ಇಳಿಯಬೇಕು.

“ಬೆಳಕು ಬಾರದ ಕೋಣೆಯಲ್ಲಿ ನಾವು ಯಾವತ್ತಾದರೂ ಮಲಗಿದ್ದೇವೆಯೇ? ಅದು ಉಗ್ರಾಣ. ಅಕ್ಕಿ ಮೂಟೆ, ಉಪ್ಪಿನಕಾಯಿ ಭರಣಿ ಇಡುವ ಜಾಗ” ಎಂದರು ಅಮ್ಮ.

ನಗರಸಭೆಗೂ ಉಗ್ರಾಣ ಬೇಕಲ್ಲ! ದಾಖಲೆಗಳ ಕೋಣೆ, ಸರ್ವರ್, ಸಭೆಯ ಕೋಣೆಗಳು, ಚುನಾವಣೆಯ ಪೆಟ್ಟಿಗೆಗಳು. ಇವೆಲ್ಲ ಕತ್ತಲ ನಡುವಿಗೆ. ಸಿಬ್ಬಂದಿಯ ಮೇಜುಗಳು ಕಿಟಕಿಯ ಸಾಲಿಗೆ. ತೆರಿಗೆ ಕಟ್ಟುವ ಕೌಂಟರ್ ನೆಲಮಹಡಿಯ ಬಾಗಿಲಿನಿಂದ ಹತ್ತು ಹೆಜ್ಜೆಯಲ್ಲಿ. ಕೆಳಗಿನ ಎರಡು ಮಹಡಿ ನಗರಸಭೆಗೆ, ಮೇಲಿನ ಏಳು ಸಂಸಾರಗಳಿಗೆ.

ಮಾಲೀಕರು ಒಪ್ಪಲು ತಿಂಗಳುಗಳೇ ಹಿಡಿದವು. ಎರಡು ಮಹಡಿಯ ಪ್ರೋತ್ಸಾಹಧನ ಕೈತಪ್ಪುತ್ತದೆ ಎಂಬ ಅವರ ಚಿಂತೆ ನ್ಯಾಯವಾದದ್ದೇ. ಹಣಕಾಸು ಅಧಿಕಾರಿಯ ಪಕ್ಕದಲ್ಲಿ ಕುಳಿತು ನಗರಸಭೆ ಮೂರು ಕಡೆ ಕೊಡುತ್ತಿದ್ದ ಬಾಡಿಗೆಯನ್ನು ಕೂಡಿದೆವು. ಅದೇ ಹಣಕ್ಕೆ ದೀರ್ಘಾವಧಿಯ ಕರಾರು ಸಿಗುವುದಾದರೆ ಬ್ಯಾಂಕ್ ಸಾಲ ಕೊಡಲು ಹಿಂಜರಿಯುವುದಿಲ್ಲ ಎಂದು ಗೊತ್ತಾದಾಗ ಮಾಲೀಕರು ನಕ್ಷೆಯನ್ನು ತಮ್ಮ ಕಡೆಗೆ ಎಳೆದುಕೊಂಡರು. ಉಳಿದ ಒಂದೇ ಜಗಳ, ಮೇಲಿನವರಿಗೂ ನಗರಸಭೆಗೂ ಒಂದೇ ಬಾಗಿಲೇ ಎಂಬುದು. ಎರಡು ಬೇಕು ಎಂದು ಹಟ ಹಿಡಿದೆ. ರಾತ್ರಿ ಪಾಳಿ ಮುಗಿಸಿ ಬಂದ ದಾದಿಯೊಬ್ಬರು ತೆರಿಗೆಯ ಸಾಲನ್ನು ಸರಿಸಿಕೊಂಡು ತಮ್ಮ ಮನೆಗೆ ಹೋಗುವಂತಾಗಬಾರದು. ಮನೆಯ ಬಾಗಿಲು ಪಕ್ಕದ ಬೀದಿಗೆ ತೆರೆಯುತ್ತದೆ, ಬೆಳಗಿನ ಬಿಸಿಲು ಬೀಳುವ ಕಡೆ.